ಮೂವರೂ ಒಪ್ಪಿದರೆ ಬೇಡ

1971ರ ಮಾರ್ಚ್ ತಿಂಗಳ ಒಂದು ಮಂಗಳವಾರ, ಮಧ್ಯಾಹ್ನ ಎರಡೂವರೆಯ ಸುಮಾರಿಗೆ, ಮಾಟುಂಗದ ಒಂದು ಉಡುಪಿ ಹೋಟೆಲಿನಲ್ಲಿ ಕೆಲಸ ಕೇಳಿಕೊಂಡು ಬಂದ ಒಬ್ಬ ಮನುಷ್ಯನನ್ನು ಮೂಲೆಯ ಮೇಜಿಗೆ ಕೂರಿಸಿ ಬಾಳೆಲೆಯ ಊಟ ಬಡಿಸಿದರು. ಕೆಲಸದ ಬಗ್ಗೆ ಅವನನ್ನು ಯಾರೂ ಏನೂ ಕೇಳಲಿಲ್ಲ. ಅವನು ಉಣ್ಣುವುದನ್ನು ಮೂವರು ನೋಡಿದರು. ಸಂಜೆ ನಾಲ್ಕಕ್ಕೆ ಇಬ್ಬರು ಬೇಡ ಎಂದರು, ಒಬ್ಬರು ಆದೀತು ಎಂದರು.

ನಾನು ಪಕ್ಕದ ಮೇಜಿನಲ್ಲಿದ್ದೆ. ಆಗ ಫೋರ್ಟಿನ ಒಂದು ಪತ್ರಿಕಾ ಕಚೇರಿಯಲ್ಲಿ ಉಪಸಂಪಾದಕನಾಗಿದ್ದೆ. ಸಯನ್ನಿನ ಒಂದು ಬಿಲ್ಡಿಂಗಿನಲ್ಲಿ ಇಬ್ಬರ ಜೊತೆ ಕೋಣೆ ಹಂಚಿಕೊಂಡಿದ್ದೆ. ಸಂಜೆಯ ಪಾಳಿ, ಆದ್ದರಿಂದ ಊಟವೂ ತಡ. ಆ ಹೋಟೆಲಿಗೆ ನಾನು ತಿಂಗಳ ಊಟದ ಗಿರಾಕಿ. ಮಧ್ಯಾಹ್ನದ ಗದ್ದಲ ಇಳಿದ ಮೇಲೆ ಉಂಡು, ಅಲ್ಲಿಂದಲೇ ಲೋಕಲ್ ರೈಲು ಹಿಡಿಯುತ್ತಿದ್ದೆ. ಮಂಗಳವಾರ ನನ್ನ ವಾರದ ರಜೆ. ಆ ದಿನ ಊಟವಾದ ಮೇಲೂ ಅಲ್ಲೇ ಕೂತು ಪತ್ರಿಕೆಗಳನ್ನು ಓದುತ್ತಿದ್ದೆ. ಯಾರೂ ಏಳಿ ಅನ್ನುತ್ತಿರಲಿಲ್ಲ.

ಹೋಟೆಲಿಗೆ ಇಬ್ಬರು ಪಾಲುದಾರರು. ಹಿರಿಯರನ್ನು ಎಲ್ಲರೂ ದೊಡ್ಡ ಧಣಿ ಎನ್ನುತ್ತಿದ್ದರು. ಬಾಗಿಲ ಬಳಿ ಹಣ ತೆಗೆದುಕೊಳ್ಳುವ ಗಲ್ಲೆಯ ಹಿಂದೆ ಅವರ ಜಾಗ. ಮಾತು ಕಡಿಮೆ, ಅಚ್ಚುಕಟ್ಟು ಹೆಚ್ಚು. ಗಲ್ಲೆಯ ಮೇಲಿನ ಸೋಂಪಿನ ತಟ್ಟೆ ಬೆರಳಗಲ ಸರಿದರೂ ಅದನ್ನು ಸ್ವಸ್ಥಾನಕ್ಕೆ ತಂದಿಟ್ಟ ಮೇಲೆಯೇ ಚಿಲ್ಲರೆ ಕೊಡುತ್ತಿದ್ದರು. ಕಿರಿಯರು ಅವರ ಹೆಂಡತಿಯ ತಮ್ಮ, ಸಣ್ಣ ಧಣಿ. ಅವರಿಗೆ ಒಂದು ಕಡೆ ಕೂರುವುದು ಆಗುತ್ತಿರಲಿಲ್ಲ. ಮೇಜಿನಿಂದ ಮೇಜಿಗೆ ಹೋಗಿ ಗಿರಾಕಿಯ ಊರು, ಮಗಳ ಮದುವೆ, ಲೋಕಲಿನಲ್ಲಿ ಕಳೆದುಹೋದ ಚಪ್ಪಲಿ ಎಲ್ಲವನ್ನೂ ವಿಚಾರಿಸಿ, ಒಂದು ನಗೆಚಾಟಿಕೆ ಹೇಳಿ, ತಾವೇ ಮೊದಲು ನಗುತ್ತಿದ್ದರು. ಮೂರನೆಯವರು ಅಡುಗೆಮನೆಯ ಯಜಮಾನರಾದ ಭಟ್ಟರು. ಹಾಲು ಒಡೆದೀತು, ಇದ್ದಲು ಮುಗಿದೀತು, ಮುನಿಸಿಪಾಲಿಟಿಯವರು ಇವತ್ತೇ ಬಂದಾರು ಎಂಬ ಚಿಂತೆ ಅವರ ಮುಖದಲ್ಲಿ ಸದಾ ಇರುತ್ತಿತ್ತು. ಯಾರಾದರೂ “ಇವತ್ತು ಎಲ್ಲ ಸರಿ ಉಂಟು ಭಟ್ರೆ” ಎಂದರೆ ಅವರ ಹೆದರಿಕೆ ಇಮ್ಮಡಿಯಾಗುತ್ತಿತ್ತು.

ಕೆಲಸ ಕೇಳಿ ಬಂದವರಿಗೆ ಊಟ ಹಾಕುವುದನ್ನು ಮೊದಮೊದಲು ನಾನು ಧರ್ಮವೆಂದು ತಿಳಿದಿದ್ದೆ. ಅದು ಪರೀಕ್ಷೆ ಎಂದು ಗೊತ್ತಾಗಲು ವರ್ಷವೇ ಹಿಡಿಯಿತು. ದೊಡ್ಡ ಧಣಿ ಗಲ್ಲೆಯಿಂದ, ಸಣ್ಣ ಧಣಿ ಮೇಜುಗಳ ನಡುವಿನಿಂದ, ಭಟ್ಟರು ಅಡುಗೆಮನೆಯಿಂದ ಪಾತ್ರೆ ದಾಟಿಸುವ ಕಿಂಡಿಯಿಂದ ನೋಡುತ್ತಿದ್ದರು. ತಮ್ಮ ತಮ್ಮಲ್ಲಿ ಮಾತಾಡಿಕೊಳ್ಳುವಂತಿರಲಿಲ್ಲ. ನಾಲ್ಕು ಗಂಟೆಗೆ ಕಾಫಿಯ ಹೊತ್ತಿಗೆ ಗಲ್ಲೆಯ ಬಳಿ ಸೇರಿ ಒಬ್ಬೊಬ್ಬರೂ ಒಂದು ಮಾತು ಹೇಳಬೇಕು: ಆದೀತು, ಇಲ್ಲವೇ ಬೇಡ.

1969ರ ಮಳೆಗಾಲ ಮುಗಿದ ಮೇಲೆ ಒಬ್ಬಾತ ಬಂದಿದ್ದ. ಮೂವತ್ತರ ಆಸುಪಾಸು. ಎಲೆಗೆ ನೀರು ಚಿಮುಕಿಸಿ ಅಂಚಿನವರೆಗೂ ಒರೆಸಿದ. ಲೋಟವನ್ನು ಎಲೆಯ ತುದಿಗೆ ಸರಿಯಾಗಿ ಇಟ್ಟುಕೊಂಡ. ಸಣ್ಣ ಧಣಿಯ ಮಾತಿಗೆ ಎಷ್ಟು ನಗಬೇಕೋ ಅಷ್ಟು ನಕ್ಕ. ಮಜ್ಜಿಗೆ ಬಂದಾಗ, ಇವತ್ತಿನದ್ದೇ ತಾನೆ ಎಂದು ಮೆಲ್ಲಗೆ ವಿಚಾರಿಸಿದ. ನಾಲ್ಕು ಗಂಟೆಗೆ ಭಟ್ಟರು ಅಪರೂಪಕ್ಕೆ ಮೊದಲು ಬಾಯಿ ತೆರೆದರು.

“ಆದೀತು.”

“ಆದೀತಾ ಅಂತ ಕೇಳುದೆಂತ! ಬೆಣ್ಣೆಯಂಥ ಜನ ಮಾರಾಯ್ರೆ,” ಎಂದರು ಸಣ್ಣ ಧಣಿ.

“ನಂಗೂ ಆದೀತು ಅಂತಲೇ ಕಂಡಿತು,” ಎಂದರು ದೊಡ್ಡ ಧಣಿ. ಸೋಂಪಿನ ತಟ್ಟೆಯನ್ನು ಸರಿಪಡಿಸಿದರು. “ಹಾಗಾದ್ರೆ ಬೇಡ.”

ಆತ ಹೋದ ಮೇಲೆ ನಾನು ಕಾರಣ ಕೇಳಿದೆ. ದೊಡ್ಡ ಧಣಿ ಸಣ್ಣ ಧಣಿಯ ಕಡೆ ನೋಡಿದರು. ಉದ್ದದ ಕತೆಗಳನ್ನು ಹೇಳುವ ಕೆಲಸ ಅವರದು.

“ಹೋಟ್ಲು ಸುರುವಾದ ಹೊಸತರಲ್ಲಿ ಒಬ್ಬ ಬಂದಿದ್ದ,” ಎಂದರು ಸಣ್ಣ ಧಣಿ. “ಭಾವನಿಗೆ ಶಿಸ್ತಿನವ ಕಂಡ. ನಂಗೆ ತಮಾಷೆಯವ ಕಂಡ. ಭಟ್ರಿಗೆ ಜಾಗ್ರತೆಯವ ಕಂಡ. ಮೂರೂ ಜನ ಒಂದೇ ಬಾಯಲ್ಲಿ ಆದೀತು ಅಂದೆವು. ಹದಿನೈದು ದಿವಸ ಕಳೀಲಿಲ್ಲ, ಹೇಳದೆ ಕೇಳದೆ ಹೋದ. ಹೋಗುವಾಗ ಭಾವನ ಕೊಡೆ, ನನ್ನ ವಾಚು, ಭಟ್ರ ಹೊಸ ಧೋತ್ರ. ಒಬ್ಬೊಬ್ಬರಿಂದ ಒಂದೊಂದು! ಯಾರಿಗೂ ಬೇಜಾರಾಗಬಾರ್ದು ಅಲ್ವಾ?”

“ದಡಿ ಧೋತ್ರ,” ಎಂದು ಕಿಂಡಿಯೊಳಗಿನಿಂದ ಭಟ್ಟರ ಸ್ವರ ಬಂತು. “ಒಂದು ಸಲ ಉಟ್ಟದ್ದಷ್ಟೇ.”

ದೊಡ್ಡ ಧಣಿ ನನ್ನ ಕಡೆ ತಿರುಗಿದರು. “ನಾವು ಮೂರು ಜನ ಮೂರು ನಮೂನೆ. ಒಬ್ಬ ಮೂವರಿಗೂ ಸರಿ ಕಂಡ ಅಂದ್ರೆ, ಅವ ನಮ್ಮನ್ನು ನೋಡಿದ್ದಾನೆ. ನಾವು ಅವನನ್ನು ನೋಡ್ಲಿಲ್ಲ.”

ಇವತ್ತು ಬಂದವನು ನಿಜಕ್ಕೂ ಒಳ್ಳೆಯವನೇ ಆಗಿದ್ದರೆ ಎಂದು ಕೇಳಿದೆ.

“ಇರಬಹುದು,” ಎಂದರು. ಅಷ್ಟಕ್ಕೇ ಆ ವಿಷಯ ಮುಗಿಯಿತು.

ಮೂವರೂ ಬೇಡ ಎಂದರೂ ಬಂದವನು ಹೋಗಬೇಕು. ಅಭಿಪ್ರಾಯ ಒಡೆದರೆ ಮಾತ್ರ ಅವನಿಗೆ ದಾರಿ. ಆದೀತು ಎಂದವರ ಕೈಕೆಳಗೆ ಒಂದು ತಿಂಗಳ ಕೆಲಸ, ಆಮೇಲೆ ಮತ್ತೊಮ್ಮೆ ಕೇಳುವುದು. ಎರಡನೇ ಸಲ ಇಬ್ಬರಾದರೂ ಆದೀತು ಎಂದರೆ ಅವನು ಕಾಯಂ. ಇದನ್ನು ದೊಡ್ಡ ಧಣಿ ಎಲ್ಲಿಂದಲೂ ಕಲಿತು ಬಂದದ್ದಲ್ಲ. ಕೊಡೆ ಹೋದ ಮೇಲೆ ಯೋಚಿಸಿ ಮಾಡಿದ ಕಾನೂನು.

ಅಂದಿನಿಂದ ನನಗೆ ಒಂದು ಹೊಸ ಕೆಲಸ ಸಿಕ್ಕಿತು. ಬಡಿಸುವವರನ್ನು ನೋಡಿ, ಇವನು ಯಾರ ‘ಆದೀತು’ ಎಂದು ಊಹಿಸುವುದು. ಲೋಟಗಳನ್ನು ಸಾಲಾಗಿ ಜೋಡಿಸಿ ಒಂದು ಹೆಜ್ಜೆ ಹಿಂದೆ ಸರಿದು ನೋಡುವವನು ದೊಡ್ಡ ಧಣಿಯ ಆಯ್ಕೆ. ಚಟ್ನಿ ಬಡಿಸುತ್ತ ನಡುವೆ ಸಿಳ್ಳೆ ಹಾಕುವವನು ಸಣ್ಣ ಧಣಿಯವನು. ನಲ್ಲಿ ಮುಚ್ಚಿದ ಮೇಲೆ ಮತ್ತೊಮ್ಮೆ ಹೋಗಿ ಮುಟ್ಟಿ ನೋಡುವವನು ಭಟ್ಟರವನು. ಊಹಿಸಿ ಸಣ್ಣ ಧಣಿಯನ್ನು ಕೇಳುತ್ತಿದ್ದೆ. ತಪ್ಪಿದ್ದು ಕಡಿಮೆ. ಆ ಹೋಟೆಲಿನೊಳಗೆ ಆ ಮೂವರೇ ಹತ್ತಾರು ದೇಹಗಳಲ್ಲಿ ಓಡಾಡುತ್ತಿದ್ದಾರೆ ಎಂದು ಒಂದು ಮಧ್ಯಾಹ್ನ ನನಗೆ ಅನ್ನಿಸಿತು. ಕೈಯಲ್ಲಿದ್ದ ತುತ್ತು ಕೈಯಲ್ಲೇ ಉಳಿಯಿತು.

ಸಂಜೆ ಕಚೇರಿಗೆ ಹೋಗಿ ನಮ್ಮ ಮೇಜಿನ ಸುತ್ತ ಕಣ್ಣಾಡಿಸಿದೆ. ನಮ್ಮನ್ನೆಲ್ಲ ಆರಿಸಿದವರು ಒಬ್ಬರೇ, ಮುಖ್ಯ ಉಪಸಂಪಾದಕರು. ವಿಶೇಷಣ ಕಂಡರೆ ಅವರಿಗೆ ಸೆಡವು. ನಾನು ಕೆಲಸ ಕೇಳಲು ಹೋದ ದಿನ ನನ್ನ ಕೈಗೆ ಒಂದು ಪುಟದ ಸುದ್ದಿ ಕೊಟ್ಟು ಅರ್ಧ ಮಾಡು ಎಂದಿದ್ದರು. ಮಾಡಿದೆ. ನನ್ನ ಓದು, ಊರು, ಭಾಷೆ ಯಾವುದನ್ನೂ ಕೇಳಲಿಲ್ಲ. ಈಗ ನೋಡಿದರೆ ಮೇಜಿನ ಸುತ್ತ ಕೂತವರೆಲ್ಲ ಅರ್ಧ ಮಾಡುವವರೇ. ಮಾತನ್ನೂ, ಚಹಾವನ್ನೂ, ನಗುವನ್ನೂ. ಇಷ್ಟು ವರ್ಷ ಒಟ್ಟಿಗೆ ಕೂತರೂ ಯಾರೂ ಗಮನಿಸಿರಲಿಲ್ಲ.

ಆ ಮಾರ್ಚ್‌ನ ಮಂಗಳವಾರ ಬಂದವನು ಕರಾವಳಿಯವನಲ್ಲ. ಅವನ ಉಗುರಿನ ಅಂಚಿನಲ್ಲಿ ಸಿಮೆಂಟು ಇತ್ತು. ಒಗೆದ ಅಂಗಿ, ಎಲ್ಲ ಗುಂಡಿಗಳೂ ಹಾಕಿದ್ದವು. ಬೆಂಚಿನ ತುದಿಯಲ್ಲಿ ಕೂತ. ಎಲೆಗೆ ಚಿಮುಕಿಸಲು ತಂದಿಟ್ಟ ನೀರನ್ನು ಕುಡಿದ. ಎಡಗೈ ಬೆಂಚಿನ ಪಕ್ಕದಲ್ಲಿ ಕೆಳಕ್ಕೆ ನೇತಾಡುತ್ತಿತ್ತು.

ಎಲೆಯ ಮುಂದೆ ಕೂತವನ ಊರು ಕೇಳಬಾರದೆಂದು ದೊಡ್ಡ ಧಣಿಯ ಕಟ್ಟಪ್ಪಣೆ ಇತ್ತು. ಸಣ್ಣ ಧಣಿಗೆ ಅದು ಯಾವತ್ತೂ ಆಗಿದ್ದಿಲ್ಲ.

“ಯಾವೂರು?”

“ಬಿಜಾಪುರ ಕಡಿಯಾವ್ರಿ.”

“ಬಿಜಾಪುರವಾ! ಅಲ್ಲಿ ಗುಮ್ಮಟದಲ್ಲಿ ಒಂದು ಸಲ ಕೂಗಿದ್ರೆ ಏಳು ಸಲ ಕೇಳ್ತದಂತೆ ಅಲ್ವಾ? ಹಾಗಾದ್ರೆ ನೀನು ಅನ್ನ ಬೇಕು ಅಂತ ಒಂದೇ ಸಲ ಹೇಳು, ನಾವು ಏಳು ಸಲ ಬಡಿಸ್ತೇವೆ!” ಸಣ್ಣ ಧಣಿ ಹೊಟ್ಟೆ ಹಿಡಿದು ನಕ್ಕರು.

ಬಂದವನು ಸ್ವಲ್ಪ ಯೋಚಿಸಿದ. “ಒಂದ ಸಲಾ ಸಾಕ್ರಿ,” ಎಂದ.

ಸಾರು ಬಂತು. ಅನ್ನದ ನಡುವೆ ಗುಳಿ ಮಾಡಿಕೊಳ್ಳುವುದು ಅವನಿಗೆ ಗೊತ್ತಿರಲಿಲ್ಲ. ಸಾರು ಎಲೆಯ ಮೇಲೆ ಹರಡಿ ಅವನತ್ತ ಇಳಿಯಿತು. ಬೇರೆ ಯಾರೇ ಆಗಿದ್ದರೂ ಎಡಗೈಯಿಂದ ಎಲೆಯ ಅಂಚನ್ನು ಎತ್ತಿ ಹಿಡಿಯುತ್ತಿದ್ದರು. ಇವನು ಹಿಡಿಯಲಿಲ್ಲ. ಸಾರು ಮೇಜಿನ ಅಂಚಿಗೆ ಬಂದು ಅಲ್ಲಿಂದ ನೆಲಕ್ಕೆ ತೊಟ್ಟಿಕ್ಕಿತು. ಗಲ್ಲೆಯ ಕಡೆ ನೋಡಿದೆ. ದೊಡ್ಡ ಧಣಿಯ ಕಣ್ಣು ಆ ತೊಟ್ಟಿನ ಮೇಲೆಯೇ ಇತ್ತು.

ಅವನು ಅವಸರವಿಲ್ಲದೆ ಉಂಡ, ಎಲೆಯಲ್ಲಿ ಏನೂ ಬಿಡಲಿಲ್ಲ, ಎಲೆ ಮಡಚದೆ ಎದ್ದ. “ಊಟ ಆಯ್ತಲ್ಲ, ನಾಳೆ ಬಂದು ಕೇಳು,” ಎಂದರು ಸಣ್ಣ ಧಣಿ.

ನಾನು ಬೀಡಾ ಅಂಗಡಿಗೆಂದು ಹೊರಬಂದಾಗ ಅವನು ಅಲ್ಲೇ ನಿಂತಿದ್ದ. ಸ್ಟೇಷನ್ನಿನ ಸೇತುವೆಯವರೆಗೆ ಒಟ್ಟಿಗೆ ನಡೆದೆವು.

“ಕೆಲಸ ಕೊಡ್ತಾರೇನ್ರಿ ಇವ್ರು?” ಎಂದು ಕೇಳಿದ. “ಊಟಾ ಹಾಕಿದ್ರು, ಏನೂ ಕೇಳಲಿಲ್ಲ. ಭಿಕ್ಷಾ ಬೇಡಾಕ ಬಂದಾನು ಅಂತ ತಿಳದ್ರೇನು?”

ಹಾಗಲ್ಲ ಎಂದೆ. ಏನು ಕೆಲಸ ಮಾಡಿಕೊಂಡಿದ್ದೆ ಎಂದು ಕೇಳಿದೆ.

“ಸಯನ್‌ದಾಗ ಬಿಲ್ಡಿಂಗ್ ಕಟ್ಟಾಕತ್ತಾರಲ್ರಿ, ಅಲ್ಲಿ ಗೌಂಡಿ ಕೈಕೆಳಗ ಇದ್ದೆ. ಈಗ ಆಗೂದಿಲ್ಲ. ನನ್ನ ಹೇಣ್ತಿ ಇಟ್ಟಂಗಿ ಹೊರ್ತಾಳು, ಅದಕ್ಕ ಝೋಪಡಿ ಉಳದೈತಿ. ಬಿಲ್ಡಿಂಗ್ ಮುಗದ್ರ ಝೋಪಡಿ ಕೀಳ್ತಾರು. ಕೂಸಿಗೆ ಎಂಟು ತಿಂಗಳರಿ.” ಸೇತುವೆಯ ಮೆಟ್ಟಿಲಲ್ಲಿ ನಿಂತ. “ನೀವು ಅವ್ರಿಗೆ ಒಂದ ಮಾತ ಹೇಳ್ರಲ್ಲ. ನಿಮ್ಮನ್ನ ಭಾಳ ಮರ್ಯಾದಿಲೆ ಮಾತಾಡಸ್ತಿದ್ರು.”

ಅಲ್ಲಿ ಹೊರಗಿನವರ ಮಾತು ನಡೆಯುವುದಿಲ್ಲ ಎಂದೆ. ಅದು ನಿಜವೇ ಆಗಿತ್ತು. ಅವನು ತಲೆ ಆಡಿಸಿ ಸೇತುವೆ ಹತ್ತಿದ.

ನಾಲ್ಕು ಗಂಟೆಗೆ ನಾನು ನನ್ನ ಮೇಜಿಗೆ ಮರಳಿದ್ದೆ.

“ಬೇಡ,” ಎಂದರು ಸಣ್ಣ ಧಣಿ. “ಮುಖಕ್ಕೆ ಬೀಗ ಹಾಕಿ ಕೀಲಿ ಬಿಜಾಪುರದಲ್ಲಿಟ್ಟು ಬಂದಿದ್ದಾನೆ. ನಾಳೆ ಗಿರಾಕಿ ಹತ್ರ ಎಂತ ಮಾತಾಡ್ತಾನೆ?”

“ಬೇಡ,” ಎಂದರು ದೊಡ್ಡ ಧಣಿ. “ಒಂದು ಕೈ ಜೋಲು ಬಿಟ್ಟು ಜಮೀನ್ದಾರನ ಹಾಗೆ ಕೂತಿದ್ದ. ಸಾರು ನೆಲಕ್ಕೆ ಹೋಗ್ತಾ ಉಂಟು, ಅವ ನೋಡ್ತಾ ಇದ್ದಾನೆ.”

ಭಟ್ಟರು ಕೈಯೊರೆಸುತ್ತ ಹೊರಗೆ ಬಂದಿದ್ದರು. “ನಂಗೆ ಆದೀತು,” ಎಂದರು.

ಇಬ್ಬರೂ ಅವರನ್ನೇ ನೋಡಿದರು.

“ಹುಳಿಯ ಬಕೆಟು ತಂದವ ಮೇಜಿನ ತುದಿಯಲ್ಲಿ ಇಟ್ಟಿದ್ದ. ಕುದೀತಿದ್ದ ಹುಳಿ. ಇವ ಕೂತ ಕೂಡ್ಲೇ ಬಲ ಮೊಣಕೈಯಲ್ಲಿ ಅದನ್ನು ಒಳಗೆ ದೂಡಿದ. ಆಮೇಲೆ ಬಾಯ್ಲರ್ ಕಡೆ ನೋಡಿದ. ಬಾಗಿಲು ನೋಡಿದ. ಮೇಲೆ ತಿರುಗ್ತಿದ್ದ ಫ್ಯಾನು ನೋಡಿದ, ಬೀಳ್ತದಾ ಅಂತ. ಅವನಿಗೆ ಹೆದರಿಕೆ ಉಂಟು ಧಣಿ. ಒಲೆಯ ಹತ್ರ ಹೆದರಿಕೆ ಇಲ್ಲದವ ಬಂದ್ರೆ ನಾನು ಸತ್ತೆ.”

ನಾನು ಪಕ್ಕದ ಮೇಜಿನಲ್ಲೇ ಇದ್ದವನು. ಬಕೆಟು ಸರಿಸಿದ್ದನ್ನು ಕಂಡಿರಲಿಲ್ಲ. ಫ್ಯಾನಿನ ಕಡೆ ನೋಡಿದ್ದನ್ನೂ ಕಂಡಿರಲಿಲ್ಲ.

“ನೀವು ಎಂತ ಕಂಡಿರಿ ಪೇಪರಿನವರೆ?” ಎಂದು ಸಣ್ಣ ಧಣಿ ಕೆಣಕಿದರು.

ಉಗುರಿನ ಸಿಮೆಂಟು, ಗುಂಡಿ ಹಾಕಿದ ಅಂಗಿ, ಎಲೆಯಲ್ಲಿ ಏನೂ ಬಿಡದ್ದು, ಎಲೆ ಮಡಚದ್ದು ಎಂದೆ.

“ಹಾಗಾದ್ರೆ ಆದೀತಾ, ಬೇಡವಾ?”

ಅದು ನನ್ನ ಕೆಲಸವಲ್ಲ ಎಂದೆ.

“ಕೇಳಿದ್ರಾ ಭಾವ! ಎರಡೂ ಕಡೆಯದ್ದು ಬರೀತಾರೆ, ಕಡೆಗೆ ಎಂತದೂ ಹೇಳುದಿಲ್ಲ.”

“ಅದೂ ಒಂದು ಸ್ವಭಾವವೇ,” ಎಂದರು ದೊಡ್ಡ ಧಣಿ, ನನ್ನನ್ನು ನೋಡದೆ.

ಮರುದಿನ ಆ ಮನುಷ್ಯ ಬಂದಾಗ ಅವನನ್ನು ಭಟ್ಟರ ಕೈಕೆಳಗೆ ಕಳಿಸಿದರು. ಭಟ್ಟರು ಅವನಿಗೆ ಕೊಟ್ಟದ್ದು ಹಾಲು ಮತ್ತು ಒಲೆ ಕಾಯುವ ಕೆಲಸ. ಕಿಂಡಿಯಿಂದ ನೋಡಿದರೆ ಇಬ್ಬರೂ ಅಕ್ಕಪಕ್ಕ ನಿಂತು, ಒಂದೇ ಬಗೆಯಲ್ಲಿ ಕತ್ತು ಮುಂದೆ ಚಾಚಿ, ಹಾಲಿನ ಮೇಲೆ ಕಣ್ಣಿಟ್ಟಿರುತ್ತಿದ್ದರು.

ಮೂರನೇ ವಾರ ಕೈಯ ವಿಷಯ ಹೊರಬಿತ್ತು. ಅವತ್ತೂ ಮಂಗಳವಾರ. ದೊಡ್ಡ ಪಾತ್ರೆಯೊಂದನ್ನು ಒಲೆಯ ಮೇಲಿಡಬೇಕಿತ್ತು. ಸಣ್ಣ ಧಣಿ ಒಂದು ಕಡೆಯ ಹಿಡಿ ಹಿಡಿದು, “ಬಾ ಮಾರಾಯ, ಆ ಕಡೆ ಹಿಡಿ,” ಎಂದರು. ಅವನು ನಿಂತಿದ್ದ ಜಾಗದಲ್ಲಿ ಹಿಡಿ ಅವನ ಎಡಕ್ಕೆ ಬಂತು. ಸಣ್ಣ ಧಣಿಯ ಕಡೆ ಪಾತ್ರೆ ಮೇಲೆ ಬಂತು, ಅವನ ಕಡೆ ಬರಲಿಲ್ಲ. ನೀರು ಚೆಲ್ಲಿ ಹೊರಗಿನವರೆಗೂ ಹರಿಯಿತು. ದೊಡ್ಡ ಧಣಿ ಗಲ್ಲೆ ಬಿಟ್ಟು ಒಳಗೆ ಹೋದರು. ಅವರು ಗಲ್ಲೆ ಬಿಟ್ಟೇಳುವುದನ್ನು ನಾನು ಕಂಡದ್ದು ಅದೊಂದೇ ಸಲ.

“ಕೈಗೆ ಎಂತ ಆಗಿದೆ?”

“ಮೊಣಕೈ ಮಡಚೂದಿಲ್ರಿ. ಕಟ್ಟಡದ ಮ್ಯಾಲಿಂದ ಬಿದ್ದಿದ್ದೆ. ಎಲುಬು ಕೂಡೇತಿ, ಮಡಚಾಕ ಬರೂದಿಲ್ಲ.”

“ಮೊದಲೇ ಯಾಕೆ ಹೇಳ್ಲಿಲ್ಲ?”

“ನೀವ್ ಕೇಳಲಿಲ್ರಿ. ಉಣ್ಣು ಅಂದ್ರಿ, ಉಂಡೆ.”

ಸಣ್ಣ ಧಣಿಗೆ ನಗು ತಡೆಯಲಾಗಲಿಲ್ಲ. ಬಿಜಾಪುರದವನು ಅವರನ್ನು ನಗಿಸಿದ್ದು ಅದೇ ಮೊದಲು, ಅವನಿಗೆ ಮಾತ್ರ ಅದು ಗೊತ್ತಾಗಲಿಲ್ಲ.

“ನಿಮಗೆ ಗೊತ್ತಿತ್ತಾ?” ಎಂದು ದೊಡ್ಡ ಧಣಿ ಭಟ್ಟರನ್ನು ಕೇಳಿದರು.

“ಎರಡನೇ ದಿನವೇ ಗೊತ್ತಾಗಿತ್ತು ಧಣಿ. ಹೇಳಿದ್ರೆ ನೀವು ಬೇಡ ಹೇಳ್ತೀರೇನೋ ಅಂತ ಹೆದರಿಕೆ.”

ತಿಂಗಳು ತುಂಬಿದ ಮೇಲಿನ ಮಂಗಳವಾರ ನಾಲ್ಕು ಗಂಟೆಗೆ ಮೂವರೂ ಗಲ್ಲೆಯ ಬಳಿ ಸೇರಿದರು. ಆ ಮನುಷ್ಯ ಒಳಗೆ ಹಾಲಿನ ಮುಂದೆ ನಿಂತಿದ್ದ. ಕಿಂಡಿ ತೆರೆದಿತ್ತು, ಇಲ್ಲಿಯ ಮಾತು ಅಲ್ಲಿಗೆ ಕೇಳುವಂತಿತ್ತು. ಸಯನ್ನಿನಲ್ಲಿ ಅವನು ಮೊದಲು ದುಡಿಯುತ್ತಿದ್ದ ಬಿಲ್ಡಿಂಗಿಗೆ ಅಷ್ಟರಲ್ಲಿ ಬಣ್ಣ ಹೊಡೆಯಲು ಶುರು ಮಾಡಿದ್ದರು. ನಾನು ದಿನಾ ಅದರ ಮುಂದೆಯೇ ಹಾದು ಬರುತ್ತಿದ್ದೆ. ಝೋಪಡಿಗಳ ಸಾಲಿನಲ್ಲಿ ಉಳಿದದ್ದು ಎರಡು.

ಭಟ್ಟರು ಆದೀತು ಎಂದರು. ಇನ್ನೊಂದು ಮಾತು ಬೇಕಿತ್ತು.

ದೊಡ್ಡ ಧಣಿ ಒಮ್ಮೆ ಕಿಂಡಿಯ ಕಡೆ ನೋಡಿದರು. ಆಮೇಲೆ ಹೇಳಿದರು: “ಕೈಯ ವಿಷಯ ಗೊತ್ತಾಯ್ತು. ಸಾರು ಯಾಕೆ ಹರಿಯಿತು ಅಂತಲೂ ಗೊತ್ತಾಯ್ತು. ತಿಂಗಳಲ್ಲಿ ಹಾಲು ಒಂದು ದಿನವೂ ಉಕ್ಕಲಿಲ್ಲ, ಅದೂ ಗೊತ್ತುಂಟು. ಆದರೂ ಅವನನ್ನು ಕಂಡ ಕೂಡ್ಲೇ ನಂಗೆ ಮೊದಲು ಕಾಣುದು ಆ ಸಾರು. ಇನ್ನೂ ಹರೀತಾ ಉಂಟು.”

“ಅದನ್ನು ಅವತ್ತೇ ಒರೆಸಿ ಆಗಿದೆ ಭಾವ.”

“ಮೇಜಿನಿಂದ ಒರೆಸಿದ್ದು,” ಎಂದರು ದೊಡ್ಡ ಧಣಿ.

ಆ ಹೊತ್ತಿಗೆ ನಾನು, ವರದಿಗಾರರು ಸಾಲದ ದಿನಗಳಲ್ಲಿ, ಎಷ್ಟೋ ಸಭೆಗಳಲ್ಲಿ, ಕೋರ್ಟುಗಳಲ್ಲಿ ಕೂತು ವರದಿ ಮಾಡಿದ್ದೆ. ತೀರ್ಪು ಕೊಡುವವರನ್ನು ಹತ್ತಿರದಿಂದ ನೋಡಿದ್ದೆ. ತನ್ನ ಕಣ್ಣಿಗೆ ಕಾಣುವುದಕ್ಕೂ ತನಗೆ ಗೊತ್ತಿರುವುದಕ್ಕೂ ನಡುವೆ ಹೀಗೆ ಬೆರಳಿಟ್ಟು ತೋರಿಸಿದವರನ್ನು ನೋಡಿರಲಿಲ್ಲ. ಪತ್ರಿಕೆ ಮಡಚಿಟ್ಟೆ.

“ಇದು ಅವನ ದೋಷ ಅಲ್ಲ, ನನ್ನ ಕಣ್ಣಿಂದು,” ಎಂದು ಅವರು ಮುಂದುವರಿಸಿದರು. “ಹಾಗಾಗಿ ನಾನು ಹೇಳುದಿಲ್ಲ. ಭಟ್ರೆ, ನನ್ನ ಮಾತನ್ನೂ ನೀವೇ ಹೇಳಿ.”

ಭಟ್ಟರು ಒಂದು ಹೆಜ್ಜೆ ಹಿಂದೆ ಸರಿದರು. “ಎರಡು ಮಾತಾ? ನಾನಾ? ಒಂದಾದ್ರೆ ನಾನು ಹೇಳ್ತೇನೆ ಧಣಿ, ನೀವಿಬ್ರು ಬೇಡ ಹೇಳ್ಲಿಕ್ಕೆ ಇದ್ದೀರಿ ಅಂತ ಧೈರ್ಯ. ಎರಡೂ ನನ್ನದೇ ಆದ್ರೆ ಎಲ್ಲ ನನ್ನ ತಲೆ ಮೇಲೆ. ನಾಳೆ ಆ ಕೈಗೆ ಎಣ್ಣೆ ಬಾಣಲೆ ತಾಗಿದ್ರೆ? ಬೆಂಕಿ ಹತ್ತಿದ್ರೆ? ಬೇಡ ಧಣಿ, ಬೇಡ.”

“ಯಾವುದು ಬೇಡ? ಎರಡನೇ ಮಾತು ಬೇಡವಾ, ಅವ ಬೇಡವಾ?”

“ನಂಗೆ ಗೊತ್ತಾಗುದಿಲ್ಲ ಧಣಿ.”

ದೊಡ್ಡ ಧಣಿ ಸೋಂಪಿನ ತಟ್ಟೆಯನ್ನು ನೋಡುತ್ತಿದ್ದರು. ಅದು ಅದರ ಜಾಗದಲ್ಲೇ ಇತ್ತು. ಭಟ್ಟರು ಕೈಯೊರೆಸುವ ಬಟ್ಟೆಯನ್ನು ತಿರುಚುತ್ತಿದ್ದರು. ಒಳಗೆ ಹಾಲು ಮೇಲೇರುವ ಸದ್ದು ಕೇಳಿತು, ಸೌಟು ಪಾತ್ರೆಗೆ ತಾಗಿದ ಸದ್ದು ಕೇಳಿತು, ಹಾಲು ಇಳಿಯಿತು. ಒಬ್ಬನ ಝೋಪಡಿ, ಹೆಂಡತಿ, ಕೂಸು ಒಬ್ಬರ ಅಚ್ಚುಕಟ್ಟಿಗೂ ಇನ್ನೊಬ್ಬರ ಅಂಜಿಕೆಗೂ ನಡುವೆ ನಿಂತಿದ್ದವು. ಅವನ ಕೆಲಸದ ಬಗ್ಗೆ ಅಲ್ಲಿ ಯಾರಿಗೂ ತಕರಾರಿರಲಿಲ್ಲ.

ಸಣ್ಣ ಧಣಿ ಒಮ್ಮೆ ಕೆಮ್ಮಿದರು. ಹೊರಗೆ ನೋಡಿದರು. ನನ್ನನ್ನು ನೋಡಿ ಹುಬ್ಬು ಹಾರಿಸಿದರು. ಖಾಲಿ ಮೇಜಿನ ಮೇಲೆ ಬೆರಳಿನಿಂದ ತಾಳ ಹಾಕಿದರು, ನಿಲ್ಲಿಸಿದರು. ಅವರು ಅಷ್ಟು ಹೊತ್ತು ಬಾಯಿ ಮುಚ್ಚಿಕೊಂಡದ್ದನ್ನು ನಾನು ನೋಡಿರಲಿಲ್ಲ. ಅವರ ಹಣೆಯಲ್ಲಿ ಬೆವರಿತ್ತು.

“ಎಂತ ಇದು, ಸಾವಿನ ಮನೆಯ ಹಾಗೆ!” ಎಂದು ಕೊನೆಗೆ ಸಿಡಿದರು. “ಆದೀತು! ಆದೀತು ಮಾರಾಯ್ರೆ, ಚಲೇಗಾ!”

“ನೀನು ಬೇಡ ಅಂದವ,” ಎಂದರು ದೊಡ್ಡ ಧಣಿ.

“ಅಂದಿದ್ದೆ. ಅವ ನಗುದಿಲ್ಲ. ಈಗಲೂ ನಗುದಿಲ್ಲ, ಸಾಯುವವರೆಗೂ ನಗುದಿಲ್ಲ. ಆದರೆ ಇನ್ನೂ ಒಂದು ಗಳಿಗೆ ಹೀಗೆ ಕೂತ್ರೆ ನಂಗೆ ಉಸಿರು ಕಟ್ತದೆ. ನಿಮ್ಮಿಬ್ರ ಮುಖ ನೋಡುದಕ್ಕಿಂತ ಅವನ ಮುಖ ನೋಡುದು ವಾಸಿ!”

“ಆಯ್ತು,” ಎಂದರು ದೊಡ್ಡ ಧಣಿ.

ಭಟ್ಟರು ಒಳಗೆ ಹೋದರು. ಸಣ್ಣ ಧಣಿ ಕಿಂಡಿಗೆ ಬಾಯಿಟ್ಟು, “ಹೋಯ್ ಬಿಜಾಪುರ! ಕೇಳಿತಾ? ನೀನು ಕಾಯಂ!” ಎಂದು ಕೂಗಿದರು.

“ಕೇಳಿತ್ರಿ,” ಎಂದು ಒಳಗಿನಿಂದ ಉತ್ತರ ಬಂತು. “ಒಂದ ಸಲಾ ಸಾಕ್ರಿ.”

ಅದನ್ನು ಅವನು ತಮಾಷೆಗೆ ಹೇಳಿದನೋ ಇಲ್ಲವೋ ಎಂಬುದರ ಮೇಲೆ ಸಣ್ಣ ಧಣಿಗೂ ಭಟ್ಟರಿಗೂ ಬಹಳ ದಿನ ವಾದ ನಡೆಯಿತು. ಮುಖ ನೋಡಿದ ಭಟ್ಟರ ಪ್ರಕಾರ ಅದು ತಮಾಷೆಯಲ್ಲ.

ಮರುದಿನ ಕಚೇರಿಗೆ ಹೋಗುವಾಗ ಲೋಕಲಿನಲ್ಲಿ ಕಿಟಕಿಯ ಪಕ್ಕ ಜಾಗ ಸಿಕ್ಕಿತು. ಪರೇಲ್, ಭಾಯಖಳಾ ದಾಟುವವರೆಗೂ ಅದನ್ನೇ ಯೋಚಿಸಿದೆ. ಕಂಪೌಂಡುಗಳ ಹಿಂದೆ ಗಿರಣಿಗಳು, ಕಾರ್ಖಾನೆಗಳು, ಆಫೀಸುಗಳು. ಅವುಗಳೊಳಗೆ ಆ ಹೊತ್ತಿಗೂ ಯಾರೋ ಯಾರನ್ನೋ ಎದುರಿಗೆ ಕೂರಿಸಿಕೊಂಡು ನೋಡುತ್ತಿದ್ದರು. ಈ ಊರಿನಲ್ಲಿ ಕೆಲಸವಿರುವ ಪ್ರತಿಯೊಬ್ಬನ ಹಿಂದೆಯೂ ಅವನನ್ನು ಆರಿಸಿದವನ ಗುಣ ನಿಂತಿದೆ. ಆರಿಸಿದವನು ಬಿಸಿಯೋ, ತಣ್ಣಗೋ, ಹೆದರುಪುಕ್ಕಲನೋ, ಮಾತುಗಾರನೋ, ಕೆಲಸ ಸಿಕ್ಕವನಿಗೆ ಅದು ಯಾವತ್ತೂ ಗೊತ್ತಾಗುವುದಿಲ್ಲ. ಗಾಡಿಯಲ್ಲಿ ಬಾಗಿಲವರೆಗೂ ಜನ ತುಂಬಿದ್ದರು. ಒಬ್ಬೊಬ್ಬರ ಮುಖವನ್ನೂ ನೋಡಿದೆ. ಇವನನ್ನು ಆರಿಸಿದವರು ಯಾರು, ಅವರು ಎಂಥವರು ಎಂದು. ಕೊನೆಯ ಸ್ಟೇಷನ್ ವಿ.ಟಿ. ಬಂದದ್ದು ತಿಳಿಯಲಿಲ್ಲ. ಗಾಡಿ ಖಾಲಿಯಾದ ಮೇಲೆ ಇಳಿದೆ.

ಆ ವರ್ಷದ ಮೇ ತಿಂಗಳಲ್ಲಿ ಸಯನ್ನಿನ ಝೋಪಡಿಗಳನ್ನು ಕಿತ್ತರು. ಆ ಮನುಷ್ಯ ಹೆಂಡತಿ ಮಗುವಿನೊಡನೆ ಸ್ಟೇಷನ್ನಿನ ಆಚೆಯ ಒಂದು ಚಾಳಿನ ಕೋಣೆಗೆ ಹೋದ. ನಾನು 1976ರಲ್ಲಿ ಕಾಂದಿವಲಿಗೆ ಮನೆ ಬದಲಿಸಿದೆ. ಮಾಟುಂಗದ ಊಟ ತಪ್ಪಿತು. ದೊಡ್ಡ ಧಣಿ ವಯಸ್ಸಾಯಿತೆಂದು ಪಾಲು ಬಿಟ್ಟುಕೊಟ್ಟು ಮಗಳ ಮನೆಗೆ ಹೋದರೆಂದು ತಿಳಿಯಿತು.

1979ರ ಡಿಸೆಂಬರಿನಲ್ಲಿ ಒಂದು ಮಧ್ಯಾಹ್ನ ಆ ಹೋಟೆಲಿಗೆ ಹೋದೆ. ಸಣ್ಣ ಧಣಿ ಗಲ್ಲೆಯಲ್ಲಿದ್ದರು, ಕೂತಿರಲಿಲ್ಲ, ನಿಂತಿದ್ದರು. ಭಟ್ಟರು ಕಿಂಡಿಯಲ್ಲಿದ್ದರು. ಮೂಲೆಯ ಮೇಜಿನಲ್ಲಿ ಕೆಲಸ ಕೇಳಿ ಬಂದ ಒಬ್ಬ ಉಣ್ಣುತ್ತಿದ್ದ. ಮೇಜುಗಳ ನಡುವೆ, ಮೂರನೆಯವನಾಗಿ ನೋಡುತ್ತ ನಿಂತವನು ಬಿಜಾಪುರದವನು. ಎಡಗೈ ನೇರವಾಗಿ ಕೆಳಗೆ ಇಳಿಬಿಟ್ಟಿತ್ತು.

ನಾಲ್ಕು ಗಂಟೆಗೆ ಸಣ್ಣ ಧಣಿ ಆದೀತು ಎಂದರು. ಭಟ್ಟರು ಆದೀತು ಎಂದರು.

“ಬ್ಯಾಡ್ರಿ,” ಎಂದ ಬಿಜಾಪುರದವನು. “ಭಾಳ ನಗ್ತಾನು.”

ಅಭಿಪ್ರಾಯ ಒಡೆಯಿತು. ಉಂಡವನು ಮರುದಿನ ಕೆಲಸಕ್ಕೆ ಬಂದ.